ನಿಮ್ಮ ನೋಟ್ಸ್ ಯಾರ ಕೈಯಲ್ಲಿದೆ?

ಪಿಡಿಒ, ಪೊಲೀಸ್ ಕಾನ್‌ಸ್ಟೆಬಲ್, ಶಿಕ್ಷಕರ ನೇಮಕಾತಿ ಎಂದು ಓದಲು ಕೂತವರು ಒಬ್ಬರೂ ಇಲ್ಲದ ಓಣಿ ನಮ್ಮ ನೌಬಾದದಲ್ಲಿ ಸಿಗುವುದು ಕಷ್ಟ. ಅವರಲ್ಲಿ ಯಾರನ್ನಾದರೂ ‘ನಿನ್ನ ನೋಟ್ಸ್ ಎಲ್ಲಿವೆ?’ ಎಂದು ಕೇಳಿ ನೋಡಿ. ಜೇಬಿನಿಂದ ಫೋನ್ ತೆಗೆಯುತ್ತಾರೆ. ಟೆಲಿಗ್ರಾಂ ಗ್ರೂಪಿನಲ್ಲಿ ನೂರಾರು ಪಿಡಿಎಫ್, ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ‘ಇಂಪಾರ್ಟೆಂಟ್ ಕ್ವೆಶ್ಚನ್ಸ್’, ಗ್ಯಾಲರಿಯಲ್ಲಿ ಮದುವೆ ಫೋಟೊಗಳ ನಡುವೆ ಕೋಚಿಂಗ್ ಕ್ಲಾಸಿನ ಬೋರ್ಡಿನ ಫೋಟೊ. ‘ಎಲ್ಲಾ ಅದಾವ್ರಿ, ಓದೋದೊಂದೇ ಬಾಕಿ’ ಎಂಬ ನಗು ಬೇರೆ.

ನಾನೂ ಇದೇ ಸಾಲಿನಲ್ಲಿ ಕೂತವಳು. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಎರಡು ವರ್ಷಗಳಿಂದ ನನ್ನ ನೋಟ್ಸ್ ಬರೆಯುತ್ತಿರುವುದು ಬ್ರೌಸರಿನಲ್ಲಿ ತೆರೆಯುವ ಒಂದು ನೋಟ್ಸ್ ಆ್ಯಪ್‌ನಲ್ಲಿ. ‘ಅದೆಲ್ಲ ಲ್ಯಾಪ್‌ಟಾಪ್ ಇದ್ದವರಿಗೆ, ಬೆಂಗಳೂರಿನವರಿಗೆ’ ಎಂದು ಹಲವರು ಹೇಳುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ನೇರ ವಿರುದ್ಧ. ಸ್ವಂತ ಲ್ಯಾಪ್‌ಟಾಪ್ ಇಲ್ಲದವರಿಗೇ, ಮನೆಯಲ್ಲಿ ಒಂದೇ ಫೋನ್ ಇರುವವರಿಗೇ ಇದು ಹೆಚ್ಚು ಬೇಕು.

ಕಾರಣ ಸರಳ. ಗೂಗಲ್ ಕೀಪ್, ಮೈಕ್ರೊಸಾಫ್ಟ್ ಒನ್‌ನೋಟ್, ನೋಷನ್, ಎವರ್‌ನೋಟ್ ಇವೆಲ್ಲ ಬ್ರೌಸರಿನಲ್ಲೇ ತೆರೆಯುತ್ತವೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಬರೆದದ್ದು ನಿಮ್ಮ ಖಾತೆಯಲ್ಲಿ ಉಳಿಯುತ್ತದೆ. ಬೆಳಿಗ್ಗೆ ಅಣ್ಣನ ಫೋನಿನಲ್ಲಿ ಬರೆದದ್ದನ್ನು ಮಧ್ಯಾಹ್ನ ಕಾಲೇಜಿನ ಲ್ಯಾಬಿನಲ್ಲಿ, ಸಂಜೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ತೆರೆದು ಮುಂದುವರಿಸಬಹುದು. ಪಠ್ಯ ಬರೆಯಲು ಡೇಟಾವೂ ಹೆಚ್ಚು ಬೇಕಾಗುವುದಿಲ್ಲ. ಒಂದು ರೀಲ್ಸ್ ನೋಡುವ ಡೇಟಾದಲ್ಲಿ ವಾರದ ನೋಟ್ಸ್ ಮುಗಿಯುತ್ತದೆ.

ಕಳೆದ ವರ್ಷ ಔರಾದ್ ಕಡೆಯ ನನ್ನ ಗೆಳತಿಯೊಬ್ಬಳ ಫೋನ್ ಪರೀಕ್ಷೆಗೆ ಹತ್ತು ದಿನ ಇರುವಾಗ ಬಸ್ ಹತ್ತುವ ನೂಕುನುಗ್ಗಲಿನಲ್ಲಿ ಕೈಜಾರಿ ಚಕ್ರದಡಿ ಸಿಕ್ಕಿತು. ಒಂದೂವರೆ ವರ್ಷದ ಫೋಟೊ, ಪಿಡಿಎಫ್, ಸ್ಕ್ರೀನ್‌ಶಾಟ್ ಎಲ್ಲ ಅದರಲ್ಲೇ. ಫೋನಿನ ಬೆಲೆಗಿಂತ ಆಕೆಗೆ ಅಳು ತಂದದ್ದು ಆ ನೋಟ್ಸ್. ಮೂರೇ ದಿನದಲ್ಲಿ ಗೆಳತಿಯರು ಹೊಸ ಪಿಡಿಎಫ್‌ಗಳನ್ನು ಕಳಿಸಿದರು. ಆದರೆ ಅವಳು ಗೆರೆ ಎಳೆದ ಸಾಲುಗಳು, ಪಕ್ಕದಲ್ಲಿ ಹಾಕಿಕೊಂಡ ಪ್ರಶ್ನೆಗಳು ಬರಲಿಲ್ಲ. ಪಿಡಿಎಫ್ ಮತ್ತೆ ಸಿಗುತ್ತದೆ, ನಾವು ಯೋಚಿಸಿದ್ದು ಮತ್ತೆ ಸಿಗುವುದಿಲ್ಲ.

ಇನ್ನೊಂದು ವಿಷಯ ಹುಡುಗಿಯರಿಗೆ ಚೆನ್ನಾಗಿ ಗೊತ್ತು. ಎಷ್ಟೋ ಮನೆಗಳಲ್ಲಿ ಫೋನ್ ಇರುವುದು ತಮ್ಮನ ಕೈಯಲ್ಲಿ, ಇಲ್ಲವೇ ಅಪ್ಪನ ಜೇಬಿನಲ್ಲಿ. ರಾತ್ರಿ ಒಂದು ಗಂಟೆ ನಮ್ಮ ಕೈಗೆ ಬರುತ್ತದೆ. ಆ ಫೋನಿನ ಗ್ಯಾಲರಿಯಲ್ಲಿಟ್ಟ ನೋಟ್ಸ್ ಜಾಗ ಸಾಲದಾಗ ಮೊದಲು ಅಳಿಸಿಹೋಗುತ್ತದೆ. ಸ್ವಂತ ಖಾತೆಯಲ್ಲಿದ್ದರೆ ಅದನ್ನು ಯಾರೂ ‘ಸ್ಟೋರೇಜ್ ಫುಲ್’ ಎಂದು ಅಳಿಸಲಾರರು. ಫೋನ್ ಹಂಚಿಕೊಳ್ಳಬಹುದು, ಓದನ್ನು ಹಂಚಿಕೊಳ್ಳಲಾಗದು.

‘ಕೈಯಲ್ಲಿ ಬರೆದರೇ ತಲೆಯಲ್ಲಿ ಉಳಿಯುತ್ತದೆ’ ಎಂದು ನಮ್ಮ ಮೇಷ್ಟ್ರುಗಳು ಹೇಳುತ್ತಾರೆ. ಅದನ್ನು ತಳ್ಳಿಹಾಕುವಂತಿಲ್ಲ. 2014ರಲ್ಲಿ ಅಮೆರಿಕದ ಪ್ಯಾಮ್ ಮ್ಯೂಲರ್ ಮತ್ತು ಡೇನಿಯಲ್ ಓಪನ್‌ಹೈಮರ್ ಪ್ರಕಟಿಸಿದ ಅಧ್ಯಯನ ಹೆಚ್ಚು ಕಡಿಮೆ ಇದನ್ನೇ ಹೇಳಿತು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವ ವಿದ್ಯಾರ್ಥಿಗಳು ಉಪನ್ಯಾಸವನ್ನು ಇದ್ದದ್ದು ಇದ್ದ ಹಾಗೆ ಇಳಿಸಿಕೊಳ್ಳುತ್ತಿದ್ದರು. ಅರ್ಥ ಕೇಳುವ ಪ್ರಶ್ನೆಗಳಲ್ಲಿ ಕೈಬರಹದವರಿಗಿಂತ ಹಿಂದೆ ಬಿದ್ದರು. ಆಮೇಲೆ ಬೇರೆಯವರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ನನಗೆ ಇದರಿಂದ ತಿಳಿಯುವುದು ಇಷ್ಟು: ಪೆನ್ನೋ ಕೀಬೋರ್ಡೋ ಎನ್ನುವುದಕ್ಕಿಂತ, ಸ್ವಂತ ಮಾತಿನಲ್ಲಿ ಬರೆಯುತ್ತೇವೋ ನಕಲು ಇಳಿಸುತ್ತೇವೋ ಎನ್ನುವುದು ಮುಖ್ಯ. ಹಾಗೆ ನೋಡಿದರೆ ಪಿಡಿಎಫ್ ಕೂಡಿಡುವವರು ಪೆನ್ನಿನವರೂ ಅಲ್ಲ, ಕೀಬೋರ್ಡಿನವರೂ ಅಲ್ಲ. ನಾನು ಕ್ಲಾಸಿನಲ್ಲಿ ಈಗಲೂ ಪುಸ್ತಕದಲ್ಲೇ ಬರೆದುಕೊಳ್ಳುತ್ತೇನೆ. ಸಂಜೆ ಅದನ್ನು ನೋಡದೆ, ನೆನಪಾದಷ್ಟನ್ನು ಆ್ಯಪ್‌ನಲ್ಲಿ ನಾಲ್ಕು ಸಾಲಿಗೆ ಇಳಿಸುತ್ತೇನೆ. ಬಿಟ್ಟುಹೋದದ್ದನ್ನು ಆಮೇಲೆ ಸೇರಿಸುತ್ತೇನೆ. ಹೀಗೆ ಒಂದೇ ವಿಷಯ ಎರಡು ಸಲ ಓದಿದಂತಾಗುತ್ತದೆ.

ಶುರು ಮಾಡುವುದು ಹೇಗೆ? ಹೊಸಬರಿಗೆ ನಾನು ಹೇಳುವುದು ಗೂಗಲ್ ಕೀಪ್. 2013ರಲ್ಲಿ ಬಂದ ಇದು ಇರುವವುಗಳಲ್ಲೇ ಸಾದಾ. ಆಂಡ್ರಾಯ್ಡ್ ಫೋನ್ ಇದ್ದವರ ಹತ್ತಿರ ಜಿಮೇಲ್ ಖಾತೆ ಹೇಗೂ ಇರುತ್ತದೆ. ಬ್ರೌಸರಿನಲ್ಲಿ ಅದೇ ಖಾತೆಯಿಂದ ಕೀಪ್ ತೆರೆದರೆ ಆಯಿತು. ಪರದೆಯ ಮೇಲ್ಭಾಗದ ಖಾಲಿ ಪೆಟ್ಟಿಗೆಯ ಮೇಲೆ ಒತ್ತಿ ಬರೆಯಿರಿ. ಸೇವ್ ಗುಂಡಿ ಹುಡುಕಬೇಡಿ, ಅದು ತಾನಾಗಿಯೇ ಉಳಿಯುತ್ತದೆ. ಪ್ರತಿ ಟಿಪ್ಪಣಿಗೂ ಒಂದು ಲೇಬಲ್ ಕೊಡಬಹುದು. ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರ, ಕರ್ನಾಟಕ ಎಂದು ನಾಲ್ಕು ಲೇಬಲ್ ಸಾಕು. ಮೊದಲ ವಾರ ದಿನಕ್ಕೆ ಒಂದೇ ಟಿಪ್ಪಣಿ ಬರೆಯಿರಿ. ನೋಷನ್‌ನಂಥ ಆ್ಯಪ್‌ಗಳಲ್ಲಿ ಕೋಷ್ಟಕ, ಬಣ್ಣ, ಚಿತ್ರ ಎಂದು ಮಾಡುವುದಕ್ಕೆ ಬಹಳ ಇದೆ. ಅವು ಕೆಟ್ಟವಲ್ಲ. ಆದರೆ ಯೂಟ್ಯೂಬ್ ನೋಡಿ ಎರಡು ವಾರ ಪುಟ ಅಲಂಕಾರ ಮಾಡಿ, ಒಂದು ಪಾಠವನ್ನೂ ಬರೆಯದವರನ್ನು ನೋಡಿದ್ದೇನೆ. ತೋರಣ ಕಟ್ಟುವುದರಲ್ಲೇ ಹಬ್ಬ ಮುಗಿಯಬಾರದು.

ಒಂದು ಟಿಪ್ಪಣಿ ಹೇಗಿರಬೇಕು ಎನ್ನುವುದಕ್ಕೆ ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ನೌಬಾದದ ಕರೇಜ್ ನೋಡಲು ಹೋದವರು ಫೋಟೊ ತೆಗೆದುಕೊಂಡು ಬರುತ್ತಾರೆ. ‘ಕರೇಜ್ ಎಂದರೇನು?’ ಎಂದರೆ ಫೋಟೊ ತೋರಿಸುತ್ತಾರೆ. ನನ್ನ ಟಿಪ್ಪಣಿಯಲ್ಲಿ ಹೀಗಿದೆ: ‘ಕರೇಜ್, ಸುರಂಗ ಬಾವಿ. ಬಹಮನಿ ಕಾಲ, 15ನೇ ಶತಮಾನ. ತಂತ್ರ ಪರ್ಷಿಯಾದ್ದು. ಒಂದು ತಾಯಿ ಬಾವಿ, ಅಲ್ಲಿಂದ ನೆಲದೊಳಗೆ ಸ್ವಲ್ಪವೇ ಇಳಿಜಾರಿನ ಸುರಂಗ, ಅಲ್ಲಲ್ಲಿ ಮೇಲಕ್ಕೆ ಗಾಳಿ-ಬೆಳಕಿನ ಬಾವಿ. ಇಳಿಜಾರಿನಿಂದಾಗಿ ನೀರು ತಾನೇ ಹರಿಯುತ್ತದೆ. ಪ್ರಶ್ನೆ: ವಿಜಯಪುರದ ಸುರಂಗ ಬಾವಡಿಗೂ ಇದಕ್ಕೂ ಏನು ವ್ಯತ್ಯಾಸ?’ ಇಷ್ಟೇ. ಕೊನೆಯ ಪ್ರಶ್ನೆಯೇ ಟಿಪ್ಪಣಿಯ ಜೀವ. ಮುಂದಿನ ವಾರ ಓದುವಾಗ ಅದು ನಮ್ಮನ್ನು ಮುಂದಕ್ಕೆ ಕರೆದೊಯ್ಯುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಕೆಲವು ಮಾತು. ಯುನಿಕೋಡ್‌ನಲ್ಲಿ ಬರೆದರೆ ಕನ್ನಡ ಪದ ಹಾಕಿಯೇ ಹುಡುಕಬಹುದು. ಕಾಗದದ ನೋಟ್ಸ್‌ಗೆ ಇಲ್ಲದ ಸೌಲಭ್ಯ ಇದೊಂದೇ; ಆದರೆ ಇದೊಂದೇ ಸಾಕು. ಒಂದು ಎಚ್ಚರ ಬೇಕು. ಯಂತ್ರಕ್ಕೆ ಕಾಗುಣಿತ ಬೇಕು, ಅರ್ಥ ಗೊತ್ತಿಲ್ಲ. ಒಂದು ಕಡೆ ‘ಗುಲಬರ್ಗಾ’, ಇನ್ನೊಂದು ಕಡೆ ‘ಕಲಬುರಗಿ’ ಎಂದು ಬರೆದಿದ್ದರೆ ಒಂದನ್ನು ಹುಡುಕಿದಾಗ ಇನ್ನೊಂದು ಸಿಗದೆ ಹೋಗಬಹುದು. ಟಿಪ್ಪಣಿಯ ಕೊನೆಗೆ ಎರಡೂ ಹೆಸರು ಬರೆದಿಟ್ಟರೆ ತಂಟೆಯಿಲ್ಲ. ಹಾಗೆಯೇ ಪಾರಿಭಾಷಿಕ ಪದಗಳಿಗೆ ಕನ್ನಡ, ಇಂಗ್ಲಿಷ್ ಎರಡನ್ನೂ ಬರೆಯಿರಿ. 2024ರ ಆಗಸ್ಟ್‌ನಲ್ಲಿ ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದ ದೋಷಗಳು ದೊಡ್ಡ ಸುದ್ದಿಯಾಗಿ, ಅದೇ ಡಿಸೆಂಬರ್‌ನಲ್ಲಿ ಮರುಪರೀಕ್ಷೆ ನಡೆದದ್ದು ನಮಗೆಲ್ಲ ನೆನಪಿದೆ. ಅನುವಾದ ಕೈಕೊಟ್ಟಾಗ ಮೂಲ ಪದ ಗೊತ್ತಿರುವವರು ಉಳಿದುಕೊಳ್ಳುತ್ತಾರೆ.

ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತದಿಂದ ಸಾಲು ಎತ್ತಿ ಬ್ರೌಸರಿನಲ್ಲಿ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ. ಆ್ಯಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅದನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಟೈಪಿಂಗ್ ಬಾರದವರು ಮಾತಾಡಿ ಬರೆಸಬಹುದು. ಗೂಗಲ್‌ನ ಧ್ವನಿ ಟೈಪಿಂಗ್‌ನಲ್ಲಿ ಕನ್ನಡ 2017ರಿಂದ ಇದೆ. ನಮ್ಮ ಬೀದರ್ ಮಾತಿನ ಧಾಟಿಗೆ ಅದು ಅಲ್ಲಲ್ಲಿ ತಬ್ಬಿಬ್ಬಾಗುತ್ತದೆ, ‘ಹೋಗಲತ್ತೀನಿ’ ಎಂದರೆ ಏನೋ ಒಂದು ಬರೆಯುತ್ತದೆ. ತಿದ್ದಿಕೊಳ್ಳಿ. ಮುದ್ರಿತ ಕನ್ನಡ ಪುಟದ ಫೋಟೊವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳು ಪಠ್ಯವಾಗಿ ಬರುತ್ತವೆ. ಒತ್ತಕ್ಷರಗಳಲ್ಲಿ ತಪ್ಪಿರುತ್ತದೆ, ಒಮ್ಮೆ ಓದಿ ಸರಿಪಡಿಸಬೇಕು. ಓದಿ ಸರಿಪಡಿಸುವುದೂ ಓದೇ ಅಲ್ಲವೇ?

ಇದರಲ್ಲಿ ತೊಂದರೆಗಳೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬ್ರೌಸರಿಗೆ ನೆಟ್ ಬೇಕು. ಕರೆಂಟು, ಟವರು ಎರಡೂ ಒಟ್ಟಿಗೆ ಹೋಗುವ ಮಳೆಗಾಲದ ರಾತ್ರಿಗಳು ನಮಗೆ ಹೊಸವಲ್ಲ. ಕೀಪ್‌ನ ಫೋನ್ ಆ್ಯಪ್‌ನಲ್ಲಿ ನೆಟ್ ಇಲ್ಲದಾಗಲೂ ಬರೆದಿಟ್ಟು, ಆಮೇಲೆ ಖಾತೆಗೆ ಸೇರಿಸಬಹುದು. ಪರೀಕ್ಷೆಯ ಹಿಂದಿನ ವಾರಕ್ಕೆ ಮುಖ್ಯ ಟಿಪ್ಪಣಿಗಳನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಟ್ಟುಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ.

ಎರಡನೆಯದು ಹಂಚಿಕೊಂಡ ಕಂಪ್ಯೂಟರಿನದು. ಲ್ಯಾಬಿನಲ್ಲಿ, ಗ್ರಂಥಾಲಯದಲ್ಲಿ ಖಾತೆ ತೆರೆಯುವಾಗ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಿರಿ, ‘ಪಾಸ್‌ವರ್ಡ್ ನೆನಪಿಡಲೇ?’ ಎಂದು ಕೇಳಿದರೆ ಬೇಡ ಎನ್ನಿ, ಏಳುವ ಮೊದಲು ಸೈನ್ ಔಟ್ ಮಾಡಿ. ಆಧಾರ್ ಸಂಖ್ಯೆ, ಬ್ಯಾಂಕಿನ ಪಿನ್ ಇತ್ಯಾದಿಗಳನ್ನು ನೋಟ್ಸ್‌ನಲ್ಲಿ ಬರೆಯಲೇಬೇಡಿ. ಪಾಸ್‌ವರ್ಡನ್ನು ಮಾತ್ರ ಮನೆಯಲ್ಲಿ ಒಂದು ಕಾಗದದ ಮೇಲೆ ಬರೆದು ಜೋಪಾನ ಮಾಡಿ. ಎಷ್ಟೋ ಮಂದಿಯ ಜಿಮೇಲ್ ಖಾತೆ ತೆರೆದುಕೊಟ್ಟದ್ದು ಮೊಬೈಲ್ ಅಂಗಡಿಯವರು. ಪಾಸ್‌ವರ್ಡ್ ಕೇಳಿದರೆ ‘ಅದು ಅವರಿಗೇ ಗೊತ್ತು’ ಎನ್ನುತ್ತಾರೆ. ಅಂಥ ಖಾತೆಯಲ್ಲಿ ಬರೆದದ್ದು ನಿಮ್ಮದಲ್ಲ. ಮೊದಲು ಪಾಸ್‌ವರ್ಡ್ ಬದಲಿಸಿ, ಆಮೇಲೆ ಬರೆಯಲು ಕೂರಿ.

ಮೂರನೆಯದು ಕಂಪನಿಗಳದ್ದು. ಉಚಿತ ಎನ್ನುವುದು ಅವರು ಕೊಟ್ಟಷ್ಟು ದಿನ ಮಾತ್ರ. ನೋಟ್ಸ್ ಆ್ಯಪ್ ಎಂದರೆ ಎವರ್‌ನೋಟ್ ಎನ್ನುವ ಕಾಲವೊಂದಿತ್ತು. 2023ರ ಡಿಸೆಂಬರ್‌ನಲ್ಲಿ ಅದು ಉಚಿತ ಬಳಕೆದಾರರಿಗೆ 50 ಟಿಪ್ಪಣಿ, ಒಂದು ನೋಟ್‌ಬುಕ್ ಎಂದು ಮಿತಿ ಹಾಕಿತು. ನಾಳೆ ಬೇರೆ ಕಂಪನಿಯೂ ಹಾಗೆ ಮಾಡಬಹುದು. ಅದಕ್ಕೇ ಆ್ಯಪ್ ಆರಿಸುವಾಗ ‘ಇದರಲ್ಲಿ ಏನೇನಿದೆ?’ ಎಂದು ಕೇಳುವ ಮೊದಲು ‘ಇದರಿಂದ ನನ್ನ ಬರಹವನ್ನು ಹೊರಗೆ ತೆಗೆಯುವುದು ಹೇಗೆ?’ ಎಂದು ಕೇಳಿ. ಕೀಪ್‌ನ ಟಿಪ್ಪಣಿಗಳನ್ನು ಗೂಗಲ್ ಟೇಕ್‌ಔಟ್ ಮೂಲಕ ಒಟ್ಟಿಗೆ ಇಳಿಸಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಡುವುದು ನನ್ನ ರೂಢಿ. ಸುಗ್ಗಿಯ ಕಾಳನ್ನು ಒಂದೇ ಚೀಲದಲ್ಲಿ ತುಂಬಿಡಬಾರದು ಎಂದು ನಮ್ಮ ಹಿರಿಯರಿಗೆ ಯಾರೂ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಿರಲಿಲ್ಲ.

ನನ್ನ ಕೊನೆಯ ಮಾತು ಕಾಲೇಜುಗಳಿಗೆ. 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಯುವಜನರಿಗೆ ನೇಮಕಾತಿಯಲ್ಲಿ ಮೀಸಲಾತಿ ಸಿಕ್ಕಿದೆ. ಹುದ್ದೆ ಮೀಸಲಿದ್ದರೂ ಪರೀಕ್ಷೆ ಬರೆದೇ ಪಡೆಯಬೇಕು. ಅದಕ್ಕೆ ಬೇಕಾದ ಓದಿನ ಕ್ರಮವನ್ನು ಕಲಿಸುವವರು ಕಡಿಮೆ. ಪದವಿಯ ಮೊದಲ ತಿಂಗಳಲ್ಲಿ ಒಂದೇ ಒಂದು ಗಂಟೆ ಲ್ಯಾಬಿನಲ್ಲಿ ಕೂರಿಸಿ, ಖಾತೆ ತೆರೆಯುವುದು, ಯುನಿಕೋಡ್ ಕನ್ನಡದಲ್ಲಿ ಬರೆಯುವುದು, ಹುಡುಕುವುದು, ಸೈನ್ ಔಟ್ ಮಾಡುವುದು, ಬರೆದದ್ದನ್ನು ಇಳಿಸಿಕೊಳ್ಳುವುದು ಇಷ್ಟನ್ನು ತೋರಿಸಿದರೆ ಸಾಕು. ಖರ್ಚೇನೂ ಇಲ್ಲ. ಅಧ್ಯಾಪಕರು ಹಂಚುವ ನೋಟ್ಸ್ ಕೂಡ ಮಸುಕಾದ ಸ್ಕ್ಯಾನ್ ಆಗಿರುವ ಬದಲು ಯುನಿಕೋಡ್ ಪಠ್ಯವಾಗಿದ್ದರೆ ನಾವು ಅದರ ಮೇಲೆ ನಮ್ಮ ಮಾತು ಸೇರಿಸಿಕೊಳ್ಳುತ್ತೇವೆ.

ಕಾಲೇಜು ಕಲಿಸುವವರೆಗೆ ಕಾಯುತ್ತಾ ಕೂರಬೇಕಿಲ್ಲ. ಇವತ್ತು ಈ ಪತ್ರಿಕೆ ಮಡಿಚಿಟ್ಟ ಮೇಲೆ, ನಿಮ್ಮ ಗ್ಯಾಲರಿಯಲ್ಲಿರುವ ಯಾವುದಾದರೂ ಒಂದು ಪಾಠದ ಫೋಟೊ ತೆರೆಯಿರಿ. ಓದಿ, ಮುಚ್ಚಿ. ಅರ್ಥವಾದಷ್ಟನ್ನು ನಿಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆಯಿರಿ, ಕೊನೆಗೆ ಒಂದು ಪ್ರಶ್ನೆ ಹಾಕಿ. ಬರೆಯಲು ಬರಲಿಲ್ಲವೆಂದರೆ ಗಾಬರಿ ಬೇಡ. ಆ ಪಾಠ ಇನ್ನೂ ಫೋನಿನಲ್ಲೇ ಇದೆ, ನಿಮ್ಮ ಹತ್ತಿರ ಬಂದಿಲ್ಲ ಎಂದಷ್ಟೇ ಅರ್ಥ. ಅದು ಪರೀಕ್ಷಾ ಕೊಠಡಿಯಲ್ಲಿ ಗೊತ್ತಾಗುವುದಕ್ಕಿಂತ ಇವತ್ತೇ ಗೊತ್ತಾಗುವುದು ಒಳ್ಳೆಯದು.