ಜಾಲಪುಟ ರಚನೆಯ ಕಲಿಕೆ: ಯಾವ ಗುರುವನ್ನು ಹಿಡಿಯಬೇಕು?

ಜಾಲಪುಟವನ್ನು ಬರೆಯಲು ಕಲಿಯಬೇಕೆಂಬ ಹಂಬಲ ಇಂದು ಅನೇಕ ವಿದ್ಯಾರ್ಥಿಗಳಲ್ಲಿ ಮೂಡಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಕಲಿಯಹೊರಟವರಿಗೆ ಎದುರಾಗುವ ತೊಡಕು ಸಾಮಗ್ರಿಯ ಅಭಾವವಲ್ಲ, ಅದರ ಅತಿವೃಷ್ಟಿ. ಲೆಕ್ಕವಿಲ್ಲದಷ್ಟು ವೀಡಿಯೊ ಪಾಠಗಳು, ಪ್ರಮಾಣಪತ್ರದ ಆಸೆ ತೋರಿಸಿ ಶುಲ್ಕ ಕೇಳುವ ತರಗತಿಗಳು, ಹಳೆಯ ಹೊಸ ಪುಸ್ತಕಗಳು - ಇವುಗಳ ನಡುವೆ ದಾರಿಗಾಣದೆ ಎಷ್ಟೋ ಮಂದಿ ಆರಂಭದಲ್ಲಿಯೇ ಕೈಬಿಡುವುದುಂಟು. ಆದುದರಿಂದ ಒಳ್ಳೆಯ ಸಾಧನವನ್ನು ಆರಿಸುವ ಬಗೆಯನ್ನು ಮೊದಲು ಅರಿಯಬೇಕು.

ಕಲಿಯಬೇಕಾದ ವಿಷಯವಾದರೂ ಎಷ್ಟು? 1989ರಲ್ಲಿ ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ವಿಶ್ವಜಾಲದ ಯೋಜನೆಯನ್ನು ಮುಂದಿಟ್ಟರು. ವಿಜ್ಞಾನಿಗಳು ತಮ್ಮ ಬರಹಗಳನ್ನು ಹಂಚಿಕೊಳ್ಳಲು ಅನುಕೂಲವಾಗಲೆಂದು ಅಲ್ಲಿ ಹುಟ್ಟಿದ ಎಚ್.ಟಿ.ಎಂ.ಎಲ್. ಭಾಷೆ, ಶೀರ್ಷಿಕೆ, ಪರಿಚ್ಛೇದ, ಪಟ್ಟಿ, ಕೊಂಡಿ ಎಂದು ಪುಟದ ಅಂಗಾಂಗಗಳನ್ನು ಗುರುತಿಸುತ್ತದೆ. ಅದಕ್ಕೆ ಉಡುಗೆ ತೊಡಿಸುವುದು 1996ರಲ್ಲಿ ಮಾನ್ಯತೆ ಪಡೆದ ಸಿ.ಎಸ್.ಎಸ್.; ಚಟುವಟಿಕೆ ಕೊಡುವುದು 1995ರಲ್ಲಿ ರೂಪುಗೊಂಡ ಜಾವಾಸ್ಕ್ರಿಪ್ಟ್. ಅಂಗ, ಉಡುಗೆ, ಚಟುವಟಿಕೆ - ಈ ಕ್ರಮದಲ್ಲಿಯೇ ಕಲಿಯುವುದು ಲೇಸು. ಮೊದಲ ಪಾಠದಲ್ಲಿಯೇ ದೊಡ್ಡ ತಂತ್ರಾಂಶಗಳನ್ನು ಸ್ಥಾಪಿಸಹೇಳುವ ಗುರುವನ್ನು ದೂರವಿಡಿ. ನೋಟ್‌ಪ್ಯಾಡಿನಂತಹ ಸರಳ ಸಾಧನ ಮತ್ತು ಒಂದು ಬ್ರೌಸರ್ ಇದ್ದರೆ ಸಾಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರಯೋಗಾಲಯದಲ್ಲಿ ಮಂಡಲದ ತಂತಿಯೊಂದು ಕಳಚಿದರೆ ಗ್ಯಾಲ್ವನೋಮೀಟರಿನ ಮುಳ್ಳು ಅಲುಗದೆ ನಿಂತು ತಪ್ಪನ್ನು ಸಾರುತ್ತದೆ. ಬ್ರೌಸರ್ ಹಾಗಲ್ಲ, ಅದು ಅತಿ ದಾಕ್ಷಿಣ್ಯದ ಉಪಕರಣ. ವಿಭಾಗವೊಂದರ ಟ್ಯಾಗನ್ನು ಮುಚ್ಚಲು ಮರೆತರೂ ಅದು ತಾನೇ ಊಹಿಸಿ ಪುಟವನ್ನು ತೋರಿಸಿಬಿಡುತ್ತದೆ. ಚಿತ್ರಕ್ಕೆ ವಿವರಣೆ ಬರೆಯದಿದ್ದರೆ ನಮ್ಮ ಕಣ್ಣಿಗೆ ಕೊರತೆ ಕಾಣದು. ಆದರೆ ಪುಟವನ್ನು ಯಂತ್ರದಿಂದ ಓದಿಸಿ ಕೇಳುವ ಅಂಧ ವಾಚಕನಿಗೆ ಆ ಚಿತ್ರ ಇಲ್ಲದಂತೆಯೇ. ಆದಕಾರಣ ‘ಪುಟ ಚೆನ್ನಾಗಿ ಕಾಣುತ್ತಿದೆ’ ಎಂಬಲ್ಲಿಗೆ ಪಾಠ ಮುಗಿಸುವ ಸಾಧನ ಅಪೂರ್ಣವೆಂದೇ ನನ್ನ ಅಭಿಪ್ರಾಯ. 1994ರಲ್ಲಿ ಸ್ಥಾಪಿತವಾದ ವಿಶ್ವಜಾಲ ಒಕ್ಕೂಟವು ತಪ್ಪುಗಳನ್ನು ಸಾಲುಸಾಲಾಗಿ ತೋರಿಸುವ ಪರಿಶೀಲಕವೊಂದನ್ನು ಉಚಿತವಾಗಿ ಒದಗಿಸಿದೆ. ಬರೆದ ಪ್ರತಿಯೊಂದು ಪುಟವನ್ನೂ ಅದಕ್ಕೆ ಒಪ್ಪಿಸಿ ನೋಡುವ ಅಭ್ಯಾಸ ಬೆಳೆಯಲಿ.

ಪಾಠಗಳ ಪೈಕಿ ಮೊಜಿಲ್ಲಾ ಸಂಸ್ಥೆ 2005ರಲ್ಲಿ ಆರಂಭಿಸಿದ ಎಂ.ಡಿ.ಎನ್. ಕೋಶಕ್ಕೆ ಅಗ್ರಸ್ಥಾನ ಸಲ್ಲಬೇಕು. ಅದು ಉಚಿತ, ಮತ್ತು ಬಳಕೆ ತಪ್ಪಿದ ಅಂಶಗಳನ್ನು ಹಾಗೆಂದೇ ಗುರುತಿಸುತ್ತದೆ. 1998ರಲ್ಲಿ ನಾರ್ವೆಯಲ್ಲಿ ಹುಟ್ಟಿದ ಡಬ್ಲ್ಯು3ಸ್ಕೂಲ್ಸ್, ಒಂದೊಂದು ಟ್ಯಾಗನ್ನು ಕೂಡಲೇ ಪ್ರಯೋಗಿಸಿ ನೋಡಲು ಅನುಕೂಲ. ಹೆಸರಿನ ಹೋಲಿಕೆಯಿಂದ ಅದು ಮೇಲಿನ ಒಕ್ಕೂಟದ್ದೆಂದು ಭ್ರಮಿಸಬಾರದು. ಗ್ರಂಥಾಲಯದ ಹಳೆಯ ಪುಸ್ತಕವನ್ನು ಅಳೆಯಲು ಸುಲಭದ ಒರೆಗಲ್ಲೊಂದಿದೆ: ಅಕ್ಷರದ ಬಣ್ಣಕ್ಕೆ ‘ಫಾಂಟ್’, ನಡುವಿಗೆ ತರಲು ‘ಸೆಂಟರ್’ ಟ್ಯಾಗುಗಳನ್ನು ಅದು ಕಲಿಸುತ್ತಿದ್ದರೆ, 1997ರಲ್ಲಿಯೇ ತ್ಯಾಜ್ಯವೆನಿಸಿದ ಪದ್ಧತಿಯನ್ನು ಅದು ಬೋಧಿಸುತ್ತಿದೆಯೆಂದು ತಿಳಿಯಿರಿ. ಒಂದನ್ನು ಪಾಠಕ್ಕೆ, ಇನ್ನೊಂದನ್ನು ಪರಾಮರ್ಶೆಗೆ ಆರಿಸಿ, ಉಳಿದವನ್ನು ಸದ್ಯಕ್ಕೆ ಮರೆಯಿರಿ. ನಕಲು ಮಾಡುವುದಕ್ಕಿಂತ ಪ್ರತಿಯೊಂದು ಸಾಲನ್ನೂ ಕೈಯಾರೆ ಬರೆಯಿರಿ. ಒಂದು ಅಂಶವನ್ನು ಮಾತ್ರ ಬದಲಿಸಿ, ಆಗುವ ಪರಿಣಾಮವನ್ನು ಗಮನಿಸಿ. ಪ್ರಯೋಗವಿಧಾನವೆಂದರೆ ಇದೇ ಅಲ್ಲವೆ?

ಕನ್ನಡ ಮಾಧ್ಯಮದಲ್ಲಿ ಓದಿದವರು ಅಂಜಬೇಕಾಗಿಲ್ಲ. ಟ್ಯಾಗುಗಳ ಹೆಸರು ಇಂಗ್ಲಿಷಿನವಾದರೂ ಆರಂಭಕ್ಕೆ ಬೇಕಾದುವು ಇಪ್ಪತ್ತು ಮೂವತ್ತಷ್ಟೆ. ಪುಟದ ಒಡಲೆಲ್ಲ ಕನ್ನಡವೇ ಆಗಿರಬಹುದು. ಯುನಿಕೋಡಿನ ಯು.ಟಿ.ಎಫ್.-8 ಸಂಕೇತವನ್ನು ಘೋಷಿಸಿ, ಪುಟದ ಭಾಷೆ ‘ಕೆ.ಎನ್.’ ಎಂದು ನಮೂದಿಸಿದರಾಯಿತು. ತಮ್ಮದೇ ಸಂಕೇತದ ಅಕ್ಷರಮಾದರಿಗಳಲ್ಲಿ ಬರೆದ ಹಿಂದಿನ ಎಷ್ಟೋ ಕನ್ನಡ ಪುಟಗಳು ಹುಡುಕಿದರೂ ಸಿಗದಂತಾದುವು. ಅಂತಹ ನಷ್ಟ ಮರುಕಳಿಸಬಾರದು. ನಿಮ್ಮ ಊರಿನ ಕೆರೆ, ಹಕ್ಕಿ, ಮಳೆಯ ಅಳತೆ - ಯಾವುದನ್ನಾದರೂ ಕುರಿತು ಕನ್ನಡದಲ್ಲಿ ಒಂದು ಪುಟವನ್ನು ಈ ತಿಂಗಳಿನಲ್ಲಿಯೇ ರಚಿಸಿ, ಪರಿಶೀಲಕಕ್ಕೆ ಒಪ್ಪಿಸಿ, ಗೆಳೆಯರಿಗೆ ತೋರಿಸಿರಿ.