ತನ್ನನ್ನೇ ತಿಂದು ಬದುಕುವ ಯೀಸ್ಟು: ಎಲೆಚುಕ್ಕಿಯ ಕಾಲಕ್ಕೊಂದು ಪಾಠ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ಕಾಲಿಟ್ಟಂದಿನಿಂದ ಬೆಳೆಗಾರರ ಪ್ರಶ್ನೆ ಒಂದೇ: ಔಷಧಿ ಹೊಡೆದರೂ ರೋಗ ಏಕೆ ನಿಲ್ಲುತ್ತಿಲ್ಲ? ಉತ್ತರದ ಒಂದು ಎಳೆ ಬ್ರೆಡ್ಡು ಉಬ್ಬಿಸುವ ಯೀಸ್ಟಿನಲ್ಲಿದೆ ಎಂದರೆ ತಮಗೆ ಅಚ್ಚರಿಯಾಗಬಹುದು.

ಯೀಸ್ಟು ಒಂದೇ ಜೀವಕೋಶದ ಶಿಲೀಂಧ್ರ. ಜಪಾನಿನ ವಿಜ್ಞಾನಿ ಯೋಶಿನೋರಿ ಓಸುಮಿ ಅದನ್ನು ಸಾರಜನಕವಿಲ್ಲದೆ ಉಪವಾಸ ಕೆಡವಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹಸಿದ ಕೋಶದೊಳಗೆ ಎರಡು ಪದರದ ಪೊರೆಯೊಂದು ಹುಟ್ಟಿ, ಕೋಶದ ಭಾಗಗಳನ್ನೇ ಗಂಟು ಕಟ್ಟಿ, ಜೀರ್ಣಿಸುವ ಚೀಲಕ್ಕೆ ಒಯ್ದು ಸುರಿಯುತ್ತದೆ. ಅಲ್ಲಿ ಅವು ಕರಗಿ ಹೊಸ ಭಾಗಗಳಿಗೆ ಸಾಮಗ್ರಿಯಾಗುತ್ತವೆ. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆ ಸೇರಿ, ಗೊಬ್ಬರವಾಗಿ ತೋಟಕ್ಕೆ ಮರಳಿದಂತೆ. ಈ ಸ್ವಭಕ್ಷಣೆಯ ವರದಿ 1992ರಲ್ಲಿ ಪ್ರಕಟವಾಯಿತು. ಮರುವರ್ಷ ಅದಕ್ಕೆ ಬೇಕಾದ 15 ವಂಶವಾಹಿಗಳನ್ನು ಗುರುತಿಸಲಾಯಿತು. 2016ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇದರಿಂದ ರೈತನಿಗೇನು? ಭತ್ತದ ಬೆಂಕಿ ರೋಗದ ಶಿಲೀಂಧ್ರದಲ್ಲಿಯೂ ಇಂಥವೇ ವಂಶವಾಹಿಗಳುಂಟು. ಅದರ ಬೀಜಾಣು ಎಲೆಯ ಮೇಲೆ ಬಿದ್ದು, ತೇವ ಸಿಕ್ಕೊಡನೆ ಮೊಳೆತು, ತುದಿಯಲ್ಲಿ ಗುಮ್ಮಟದಂಥ ಗುಳ್ಳೆ ಕಟ್ಟುತ್ತದೆ. ಬೀಜಾಣುವಿನ ಮೂರು ಕೋಶಗಳೂ ತಮ್ಮನ್ನೇ ಜೀರ್ಣಿಸಿಕೊಂಡು, ಸಾರವನ್ನೆಲ್ಲ ಗುಳ್ಳೆಗೆ ಕಳಿಸಿ ಸಾಯುತ್ತವೆ. ಗುಳ್ಳೆಯೊಳಗಿನ ಒತ್ತಡ ವಾಯುಮಂಡಲದ 80 ಪಟ್ಟಿನವರೆಗೆ ಏರಿ ಎಲೆಯನ್ನು ತೂತು ಮಾಡುತ್ತದೆ. ಸ್ವಭಕ್ಷಣೆ ನಿಂತರೆ ರೋಗವೇ ತಗಲದೆಂದು ಇಂಗ್ಲೆಂಡಿನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು.

ಅಡಿಕೆಯ ಎಲೆಚುಕ್ಕಿಗೆ ಮುಖ್ಯ ಕಾರಣಗಳಲ್ಲೊಂದಾದ ಕೊಲೆಟೊಟ್ರೈಕಮ್ ಶಿಲೀಂಧ್ರವೂ ಗುಳ್ಳೆ ಕಟ್ಟುವ ಗುಂಪಿನದೇ. ಅದರ ದಾಯಾದಿಯಾದ, ಸೌತೆ ಬಳ್ಳಿಯ ಚುಕ್ಕೆ ರೋಗದ ಶಿಲೀಂಧ್ರಕ್ಕೆ ಗಿಡದೊಳಗೆ ನುಗ್ಗಲು ಸ್ವಭಕ್ಷಣೆ ಬೇಕೆಂದು 2009ರಲ್ಲಿ ತಿಳಿದುಬಂದಿತು.

ಪಾಠ ಸ್ಪಷ್ಟ. ಇಂಥ ಬೀಜಾಣು ಬುತ್ತಿ ಕಟ್ಟಿಕೊಂಡೇ ಬರುತ್ತದೆ. ಅದು ಕಾಯುವುದು ತೇವಕ್ಕೆ ಮಾತ್ರ. ಚುಕ್ಕೆ ಕಣ್ಣಿಗೆ ಬೀಳುವ ವೇಳೆಗೆ ಶತ್ರು ಮನೆಯೊಳಗಿರುತ್ತಾನೆ. ಆದುದರಿಂದ ಹೆಚ್ಚು ರೋಗ ತಗಲಿದ ಕೆಳಗಿನ ಸೋಗೆಗಳನ್ನು ಮಳೆಗೆ ಮುಂಚೆಯೇ ಕೊಯ್ದು ಸುಡಬೇಕು. ಶಿಫಾರಸಾದ ಔಷಧಿಯನ್ನು ಊರವರೆಲ್ಲ ಒಂದೇ ಅವಧಿಯಲ್ಲಿ ಸಿಂಪಡಿಸಬೇಕು. ಒಂದು ತೋಟ ಬಿಟ್ಟರೆ ಅಲ್ಲಿಯ ರೋಗವನ್ನು ಗಾಳಿ-ಮಳೆಗಳು ಎಲ್ಲರಿಗೂ ಹಂಚುತ್ತವೆ.

ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿಯೂ ಯೀಸ್ಟಿನ ಸ್ವಭಕ್ಷಣೆಯ ಮೇಲೆ ಸಂಶೋಧನೆ ನಡೆದಿದೆ. ಆದರೆ ಶಿಲೀಂಧ್ರದ ಸ್ವಭಕ್ಷಣೆಯನ್ನು ತಡೆದು ಬೆಳೆ ಕಾಯುವ ಔಷಧಿ ಸದ್ಯಕ್ಕೆ ಪ್ರಯೋಗಶಾಲೆಯ ಮಾತು. ಆ ಹೆಸರಿನ ಬಾಟಲಿಯನ್ನು ಯಾರಾದರೂ ಮಾರಲು ಬಂದರೆ, ಗಂಟು ಬಿಚ್ಚುವ ಮುನ್ನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿರಿ.