ಧೂಳಿಗೂ ಒಂದು ತಕ್ಕಡಿ

ಬೆಳಗಾದರೆ ಅಂಗಡಿ ಬಾಗಿಲು ತೆಗೆದು ಧೂಳು ಕೊಡವುವುದೇ ಮೊದಲ ಕೆಲಸ. ಬಸ್ಸಿಂದ ಇಳಿದವರ ತಲೆ ತುಂಬ ಅದೇ ಧೂಳು. ಆಕಾಶದ ಧೂಳನ್ನು ತೂಗುವ ಪ್ರೊಫೆಸರ್ ಒಬ್ಬರಿದ್ದಾರೆ ಅಂದರೆ, ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಎಂದು ನಗುವವರೇ ಜಾಸ್ತಿ. ನಗುವ ಮೊದಲು ಸ್ವಲ್ಪ ಕೇಳಿ ಸ್ವಾಮಿ.

ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಹೇಲಿ ಗೋಮೆಜ್ ಅವರ ಕೆಲಸ ಇದು. ಸೂರ್ಯನಿಗಿಂತ ಎಂಟು ಪಟ್ಟಿಗೂ ಹೆಚ್ಚು ತೂಕದ ನಕ್ಷತ್ರ, ಒಳಗಿನ ಉರುವಲು ತೀರಿದಾಗ ಕುಸಿದು ಸಿಡಿಯುತ್ತದೆ. ಚೆದುರಿದ ಅನಿಲ ಆರಿದ ಮೇಲೆ ಮಸಿಯಂಥ, ಮರಳಿನಂಥ ಸಣ್ಣ ಕಣ ಕಟ್ಟುತ್ತವೆ. ನಾವು ನಿಂತ ಈ ಭೂಮಿ ಆದದ್ದೂ ಇಂಥ ನಕ್ಷತ್ರದ ಧೂಳು ಸೇರಿಯೇ. ಪ್ರಶ್ನೆ ಇಷ್ಟೆ: ಒಂದು ಸ್ಫೋಟಕ್ಕೆ ಎಷ್ಟು ಧೂಳು?

2003ರಲ್ಲಿ ಗೋಮೆಜ್ ಇದ್ದ ತಂಡ, ಕ್ಯಾಸಿಯೋಪಿಯಾ-ಎ ಎಂಬ ಸಿಡಿದ ನಕ್ಷತ್ರದ ಅವಶೇಷದಲ್ಲಿ ಎರಡರಿಂದ ನಾಲ್ಕು ಸೂರ್ಯರ ತೂಕದ ಧೂಳಿದೆ ಎಂದಿತು. 2004ರಲ್ಲೇ ಬೇರೆಯವರು ಆಕ್ಷೇಪಣೆ ಎತ್ತಿದರು. ನೀವು ಕಂಡದ್ದರಲ್ಲಿ ಬಹುಪಾಲು ದಾರಿಯಲ್ಲಿ ಅಡ್ಡ ನಿಂತ ಮೋಡದ್ದು ಎಂದರು. ಗೋಣಿಚೀಲ ಸೇರಿಸಿ ಅಕ್ಕಿ ತೂಗಿದ ಹಾಗಾಯಿತು!

ವಾದ ನಡೆಯಿತು, ಆದರೆ ವಾದದಲ್ಲೇ ಮುಗಿಯಲಿಲ್ಲ. 2009ರಲ್ಲಿ ಯೂರೋಪಿನವರು ಹರ್ಷೆಲ್ ಎಂಬ ದೂರದರ್ಶಕ ಹಾರಿಸಿದರು. ತಣ್ಣನೆಯ ಧೂಳು ಸೂಸುವ, ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯುವ ಯಂತ್ರ ಅದು. ಅದರಿಂದ ಗೋಮೆಜ್ ತಂಡ ಏಡಿ ನೀಹಾರಿಕೆಯನ್ನು ನೋಡಿತು. 1054ರಲ್ಲಿ ಚೀನಾದವರು ಹಗಲಲ್ಲೇ ಕಂಡು ಬರೆದಿಟ್ಟ ಸ್ಫೋಟದ ಅವಶೇಷ ಇದು. ಅಲ್ಲಿ ಅಡ್ಡ ಮೋಡದ ಕಾಟ ಕಡಿಮೆ. 2012ರಲ್ಲಿ ಬಂದ ಲೆಕ್ಕ: ಸೂರ್ಯನ ತೂಕದ ಹತ್ತನೇ ಒಂದು ಭಾಗದಿಂದ ಕಾಲು ಭಾಗದವರೆಗೆ. 2019ರಲ್ಲಿ ಆಕೆಯೂ ಸೇರಿದ್ದ ತಂಡ ಮತ್ತೆ ತೂಗಿ, ನೂರಕ್ಕೆ ಮೂರರಿಂದ ಐದು ಭಾಗ ಅಷ್ಟೇ ಎಂದು ಇಳಿಸಿತು. ಆದರೂ ಅದು 10,000 ಭೂಮಿಗಳ ತೂಕಕ್ಕೆ ಕಮ್ಮಿಯಿಲ್ಲ.

ಇಂಥದ್ದಕ್ಕೆಲ್ಲ ಸಾರ್ವಜನಿಕರ ಹಣ ಯಾಕೆ ಅನ್ನುತ್ತೀರಾ? ಯಾರದೋ ಒತ್ತಾಯಕ್ಕಲ್ಲ, ಸಂಶಯಕ್ಕೆ ಮರ್ಯಾದೆ ಕೊಟ್ಟು ತಮ್ಮ ತೂಕವನ್ನು ತಾವೇ ಮತ್ತೆ ತೂಗುವವರ ಕೈಗೆ ಹೋದ ಹಣ ಪೋಲಾಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ತಕ್ಕಡಿ ಹಿಡಿದು ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾವಿರಾರು ಜ್ಯೋತಿರ್ವರ್ಷ ದೂರದ ಧೂಳಿಗೆ ಇಷ್ಟು ಕರಾರುವಾಕ್ಕಾದ ಲೆಕ್ಕ ಇರುವಾಗ, ನಮ್ಮ ಬಸ್‌ಸ್ಟ್ಯಾಂಡ್ ರಸ್ತೆಯ ಧೂಳಿಗೆ ಸುರಿದ ಹಣದ ಲೆಕ್ಕವನ್ನೂ ಕೇಳೋಣ. ಕೇಳಿದರೆ ತಪ್ಪೇನು?